ದಾರ ಎರಡು ಬೆರಳು ಕಮ್ಮಿ ಬಿತ್ತು

"ತಿಕ್ಕಬ್ಯಾಡ್ರಿ, ಮಾವಾ!"

ಗಡಿಯಲ್ಲಿ ಗುಂಡು ತಿಂದು ತನ್ನೂರು ಕಿಣ್ಣಿ ಸುಲ್ತಾನಕ್ಕೆ ಮರಳಿದ್ದ ಪ್ರಬುದ್ಧನ ಕಾಲು ಬಾತಿತ್ತು. ಅಪ್ಪ ಹುಲೆಪ್ಪ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ತಂದಿದ್ದ. ಊರಿನ ಉಳುಕೆಲ್ಲ ಬಿಡಿಸಿದ ಕೈ ಅವನದು. ಸೊಸೆ ಪಂಚಶೀಲಾ ದಿನಾ ಗಂಡನ ಮೀನಖಂಡ ಅಳೆಯುವ ದಾರ ಎತ್ತಿ ತೋರಿಸಿದಳು. "ನಿನ್ನೆ ಸರಿ ಕೂಡಿತ್ತು. ಇವತ್ತ ಎರಡು ಬೆರಳು ಕಮ್ಮಿ ಬಿದ್ದದ. ಒಳಗ ರಕ್ತ ಹೆಪ್ಪುಗಟ್ಟೇದ. ತಿಕ್ಕಿದ್ರ ಎದಿಗೆ ಏರ್ತದಂತ ಮಿಲಿಟರಿ ಡಾಕ್ಟರ್ ಹೇಳ್ಯಾರ."

"ನಲವತ್ತು ವರ್ಷದಿಂದ ತಿಕ್ಕಾಕತ್ತೇನಿ. ನೀ ನನಗ ಕಲಸ್ತೀ ಏನ ಬೇ?" ಹುಲೆಪ್ಪ ಕಾಲಿನ ಮೇಲೆ ಬಟ್ಟಲು ಬಗ್ಗಿಸಿದ.

ಅವಳು ಕೈ ಅಡ್ಡ ಹಿಡಿದಳು. ಬಿಸಿ ಎಣ್ಣೆ ಬಿದ್ದಲ್ಲಿ ಚರ್ಮ ಕೆಂಪೇರಿತು. ಕೈ ಕದಲಲಿಲ್ಲ.

"ಎಲ್ಲಾ ನನ್ನ ಕೈ ಮ್ಯಾಲೇ ಸುರುವ್ರಿ," ಎಂದಳು. "ಖಾಲಿ ಆದ ಮ್ಯಾಲ ಜೀಪ್ ತರಸ್ರಿ, ಆಳಂದ ದವಾಖಾನಿಗೆ."