ಟವೆಲ್ ಹಾಕಿದ ಸೀಟು

“ಗಡ್ಡೆ ಇಲ್ಲ, ಕ್ಯಾನ್ಸರ್ ಇಲ್ಲ, ಏನೂ ಇಲ್ಲ” ಎಂದು ಡಾಕ್ಟರ್ ಫಿರ್ದೌಸ್ ರಿಪೋರ್ಟನ್ನು ಮೇಜಿನ ಮೇಲಿಟ್ಟಾಗ ಕಂಡಕ್ಟರ್ ಕರಿಯಣ್ಣನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವನ ಅಣ್ಣ ಹೋದದ್ದು ಹೊಟ್ಟೆಯ ಗಡ್ಡೆಯಿಂದಲೇ. ನಾಲ್ಕು ತಿಂಗಳಿಂದ ಹೊಟ್ಟೆ ಕೆಟ್ಟು, ದಾವಣಗೆರೆ–ಹರಿಹರದ ನಡುವೆ ಪೆಟ್ರೋಲ್ ಬಂಕ್ ಕಂಡಲ್ಲೆಲ್ಲ ಬಸ್ಸು ನಿಲ್ಲಿಸಿ ಓಡುತ್ತಿದ್ದ ಬಡಪಾಯಿ, ತನ್ನ ಸರದಿಯೂ ಬಂತೆಂದೇ ನಂಬಿಬಿಟ್ಟಿದ್ದ.

“ಹಂಗಾದ್ರೆ ಇದೇನ್ರಿ ಮೇಡಂ, ನನ್ನ ಅವತಾರ?”

“ನೀವೇ ಹೇಳ್ಬೇಕು. ಗುಳಿಗೆ ಏನಾದ್ರೂ ನುಂಗ್ತೀರಾ?”

“ಕಾಯಿಲೆ ಇಲ್ದೋನಿಗೆ ಗುಳಿಗೆ ಯಾಕ್ರಿ?” ಎಂದವನು ಎದೆಯ ಜೇಬು ಮುಟ್ಟಿಕೊಂಡ. “ಹಾಂ, ಇದೊಂದೈತೆ ನೋಡ್ರಿ. ಸೇಫ್ಟಿಗೆ.”

ಹೊರಬಂದದ್ದು ಆಂಟಿಬಯಾಟಿಕ್ ಗುಳಿಗೆಯ ಸ್ಟ್ರಿಪ್. ಬಸ್ಸಿನಲ್ಲಿ ಯಾರಾದರೂ ಮುಖದ ಮೇಲೆ ಕೆಮ್ಮಿದರೆ ಸಾಕು, ಅಂದು ಸಂಜೆ ಕರಿಯಣ್ಣ ಒಂದು ನುಂಗುವವನೇ. ಜೋರು ಕೆಮ್ಮಿಗೆ ಎರಡು! ಮೂರು ವರ್ಷದ ಈ ಮುಂಜಾಗ್ರತೆಯ ಬಗ್ಗೆ ಅವನಿಗೆ ಹೆಮ್ಮೆ ಬೇರೆ. ನಿಟ್ಟುವಳ್ಳಿಯ ಮೆಡಿಕಲ್ ಶಾಪಿನವನು ಅವನ ಮುಖ ಕಂಡೊಡನೆ, ಕೇಳುವ ಮೊದಲೇ ಸ್ಟ್ರಿಪ್ ತೆಗೆದಿಡುತ್ತಿದ್ದ.

ಡಾಕ್ಟರ್ ಹಣೆ ಹಣೆ ಚಚ್ಚಿಕೊಂಡರು. “ಅಯ್ಯೋ ಪುಣ್ಯಾತ್ಮ! ಹೊಟ್ಟೆ ಒಳಗೆ ಒಳ್ಳೇ ಬ್ಯಾಕ್ಟೀರಿಯಾ ಕೋಟಿಗಟ್ಲೆ ಇರ್ತಾವ್ರಿ. ಪಾಸ್ ಇಟ್ಕೊಂಡಿರೋ ಖಾಯಂ ಪ್ಯಾಸೆಂಜರ್ ಇದ್ದಂಗೆ. ನೀವು ಗುಳಿಗೆ ನುಂಗಿದಾಗೆಲ್ಲ ಅವ್ರನ್ನ ನಡುದಾರೀಲಿ ಇಳಿಸ್ತಾ ಬಂದ್ರಿ. ಖಾಲಿ ಸೀಟಿಗೆ ಕಂಡಕಂಡವ್ರು ಬಂದು ಕುಂತ್ರು. ಗಲಾಟೆ ಆಗ್ದೆ ಇನ್ನೇನಾಗ್ತೈತೆ?”

ಪಾಸ್ ಇದ್ದವರನ್ನು ಇಳಿಸುವುದು! ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಆ ಪಾಪ ಒಮ್ಮೆಯೂ ಮಾಡದ ಕರಿಯಣ್ಣನಿಗೆ ಮುಖಕ್ಕೆ ಹೊಡೆದಂತಾಯಿತು.

“ಅವ್ರು ವಾಪಸ್ ಬರ್ತಾರಾ ಮೇಡಂ?”

“ಗುಳಿಗೆ ಬಿಟ್ರೆ ಬಹಳಷ್ಟು ಬರ್ತಾರೆ. ಸೊಪ್ಪು, ಕಾಳು, ಮಜ್ಜಿಗೆ ತಗೊಳ್ರಿ. ತಿಂಗಳುಗಟ್ಲೆ ಹಿಡೀಬಹುದು. ಒಂದಿಷ್ಟು ಬರದೇನೂ ಇರಬಹುದು. ಅವಸರ ಮಾಡಬ್ಯಾಡ್ರಿ, ಜಾಗ ಇಟ್ಟು ಕಾಯ್ರಿ.”

ಸ್ಟ್ರಿಪ್ಪನ್ನು ಅವರ ಕೈಗೇ ಒಪ್ಪಿಸಿ ಹರಿಹರದ ಬಸ್‌ಸ್ಟ್ಯಾಂಡಿಗೆ ಬಂದ ಕರಿಯಣ್ಣನ ಕಾಲು ನೆಲದ ಮೇಲಿರಲಿಲ್ಲ. ಹೆಂಡತಿಗೆ ಫೋನ್ ಹಚ್ಚಿ, “ಓಬವ್ವಾ, ಬದುಕ್ದೆ ಕಣೇ! ರಾತ್ರಿಗೆ ಮಜ್ಜಿಗೆ ಮಾಡಿಡು” ಎಂದ. ಆ ಕಡೆ ಅವಳು ಅಳುತ್ತಿದ್ದಳು. ಇವನು ಬಸ್ಸು ಹೊರಡುವ ಹೊತ್ತಾಯಿತೆಂದು ಸುಳ್ಳು ಹೇಳಿ ಫೋನ್ ಇಟ್ಟ.

ಅವನ ಡ್ಯೂಟಿಯ ಬಸ್ಸು ತುಂಬಿತ್ತು. ಮೂರನೇ ಸಾಲಿನ ಒಂದು ಸೀಟಿನ ಮೇಲೆ ಮಾತ್ರ, ಯಾರೋ ಕಿಟಕಿಯಿಂದ ಎಸೆದುಹೋದ ಹಸಿರು ಟವೆಲ್ ಬಿದ್ದಿತ್ತು. ಹೀಗೆ ಸೀಟು ಹಿಡಿಯುವವರನ್ನು ಕಂಡರೆ ಕರಿಯಣ್ಣನಿಗೆ ಆಗುತ್ತಲೇ ಇರಲಿಲ್ಲ. ಟವೆಲ್ ಎತ್ತಿ ಬಾನೆಟ್ ಮೇಲೆ ಒಗೆದು, “ಸೀಟೇನು ನಿಮ್ಮಪ್ಪನ ಮನೇದಾ?” ಎನ್ನುವುದು ಅವನ ನಿತ್ಯದ ಮಂತ್ರ. ಅದು ಆ ರೂಟಿನವರಿಗೆಲ್ಲ ಗೊತ್ತು.

ಅದಕ್ಕೇ ಪಕ್ಕದಲ್ಲಿ ನಿಂತಿದ್ದ ತಿಪ್ಪೇರುದ್ರಪ್ಪ ಎಂಬ ಹಳೇ ಗಿರಾಕಿ, “ಯಾಕ ಸುಮ್ನಿದೀರಿ ಕಂಡಕ್ಟ್ರೇ? ಒಗೀರಿ ಅದನ್ನ, ನಾನು ಕೂಡ್ತೀನಿ” ಎಂದು ಅವಸರಿಸಿದ. ಮಾತು ಮುಗಿಸಿದ್ದೇ ಕರಿಯಣ್ಣನ ಮುಖಕ್ಕೆ ನೇರವಾಗಿ ಎರಡು ಸಲ ಕೆಮ್ಮಿದ.

ಕರಿಯಣ್ಣನ ಕೈ ತಾನೇ ತಾನಾಗಿ ಎದೆಯ ಜೇಬಿಗೆ ಹೋಯಿತು. ಜೇಬು ಖಾಲಿ. ಅವನಿಗೆ ನಗು ಬಂತು. ಜಾರಿದ್ದ ಟವೆಲ್ಲನ್ನು ಸೀಟಿನ ಮೇಲೆ ನೀಟಾಗಿ ಹಾಸಿ, ಬಾಯಿಗಿಟ್ಟಿದ್ದ ವಿಷಲನ್ನು ಊದದೆ ತೆಗೆದ.

“ಎರಡು ನಿಮಿಷ ತಡೀರಿ ಯಜಮಾನ್ರೇ. ಬರ್ತಾರೆ.”