ಮೂರು ಕಾಲಿನ ನೀಲಿ ಕುದುರೆ

ಚಿತ್ರದಲ್ಲಿ ಒಂದು ನೀಲಿ ಕುದುರೆ ಹಳ್ಳ ಹಾರುತ್ತಿದೆ. ಬೆನ್ನ ಮೇಲೆ ಮುಖ ಕಾಣದ ಸವಾರ. ಅವನ ರುಮಾಲಿನ ತುದಿ ಗಾಳಿಯಲ್ಲಿ ಹಿಂದಕ್ಕೆ ಚಾಚಿ ಹಾಗೆಯೇ ನಿಂತಿದೆ. ಕೆಳಗೆ ಅಲ್ಲಾಡದ ನೀರು. ಆಚೆ ದಡದಲ್ಲಿ ನಮ್ಮ ಶಹಾಬಾದಿನ ಹಾಸುಗಲ್ಲಿನಂಥ ಚಪ್ಪಟೆ ಬಂಡೆ, ಬಂಡೆಯ ಮೇಲೆ ಮುಳುಗುವುದನ್ನು ಮರೆತ ಕೆಂಪು ಸೂರ್ಯ. ಕುದುರೆಗೆ ಮುಂಗಾಲು ಎರಡು, ಹಿಂಗಾಲು ಒಂದು. ಇನ್ನೊಂದು ಇರಬೇಕಾದಲ್ಲಿ ಬರಿಯ ಆಕಾಶ. ಮೇಲೆ ದಪ್ಪ ಅಕ್ಷರಗಳು: ‘ನೀಲಿ ಕುದುರೆಯ ಸವಾರ, ಸಂಚಿಕೆ ಇಪ್ಪತ್ನಾಲ್ಕು, ಮುಕ್ತಾಯ’. ಇಷ್ಟೂ ಒಂದು ಪ್ಲಾಸ್ಟಿಕ್ ಕವರಿನೊಳಗೆ ನಾಲ್ಕೂ ಅಂಚು ಸೀಲಾಗಿ, ಹಾಜಿಮಲಂಗ್ ಸಾಹೇಬರ ಮಳಿಗೆಯ ದಾರಕ್ಕೆ ತೂಗುಬಿದ್ದಿತ್ತು.

ಅಮೃತಪ್ಪನವರು ಅದರ ಎದುರಿನಿಂದ ಕದಲಿರಲಿಲ್ಲ. ಇವತ್ತು ಅದನ್ನು ಇನ್ನೊಬ್ಬರು ಕೇಳುತ್ತಿದ್ದರು.

“ಚಾಚಾ, ಇದು ನನಗ ಬೇಕೇ ಬೇಕು,” ಎಂದಳು ಪದ್ಮಜಾ. ಚಿತ್ತಾಪುರದ ಕಚೇರಿಯೊಂದರಲ್ಲಿ ಗುಮಾಸ್ತೆ. ಮೇಳಕ್ಕೆ ಬಂದದ್ದು ಇದೇ ಮೊದಲು. “ನಾ ಸಣ್ಣಾಕಿದ್ದಾಗ ನಮ್ಮ ಮಾಮಾ ಅರ್ಧ ಹೇಳಿ ಬಿಟ್ಟ ಕಥಿ. ಅವನ ಪುಸ್ತಕದ ಪೆಟ್ಟಿಗಿನೇ ತಂದೀನಿ, ಎಲ್ಲಾ ತಗೋರಿ, ಇದೊಂದು ಕೊಡ್ರಿ.”

“ಒಯ್ದು ಏನ್ ಮಾಡ್ತಿ ಬೇಟಿ?”

“ಒಯ್ಯೋದ್ಯಾಕ್ರಿ? ಇಲ್ಲೇ ಹರಿದು ಓದ್ತೀನಿ.”

ಪಕ್ಕದ ಮಳಿಗೆಯ ಜಾನಬಿ ಕೈಯಲ್ಲಿದ್ದ ಚಹಾ ಚೆಲ್ಲಿಕೊಂಡಳು. ಅಮೃತಪ್ಪನವರು ಕುರ್ಚಿಯ ಬೆನ್ನು ಹಿಡಿದುಕೊಂಡರು.

ವಾಡಿಯ ಸ್ಟೇಷನ್ನಿನ ಬಳಿಯ ಈ ಸಭಾಭವನದಲ್ಲಿ ವರ್ಷಕ್ಕೊಂದು ಭಾನುವಾರ ಹಳೆಯ ಚಿತ್ರಕಥೆಗಳ ಮೇಳ ಸೇರುತ್ತದೆ. ದುಡ್ಡು ನಡೆಯದು, ಪುಸ್ತಕಕ್ಕೆ ಪುಸ್ತಕ. ಸೀಲು ಒಡೆದ ಪ್ರತಿಯನ್ನು ಯಾರೂ ಮೂಸುವುದಿಲ್ಲ. ಆದ್ದರಿಂದ ಇಲ್ಲಿ ಎಲ್ಲರೂ ಪುಸ್ತಕಗಳನ್ನು ಪ್ರೀತಿಸುತ್ತಾರೆ, ಯಾರೂ ಓದುವುದಿಲ್ಲ.

ಆದರೂ ಎಂಥ ಭಾನುವಾರಗಳು ಅವು! ರಾಕ್ಷಸ ಸಾಯುವ ಮುಖಪುಟ ಕಂಡರೆ ತಾನೇ ನರಳಿ ತೋರಿಸುತ್ತಿದ್ದ ಚಂದಾಪುರದ ಸಾಯಿಕುಮಾರ. ಗಿರಾಕಿಯ ಕೈ ಮೂಸಿ ನೋಡಿ, ಉಪ್ಪಿನಕಾಯಿ ವಾಸನೆ ಬಂದರೆ ಪುಸ್ತಕ ಮುಟ್ಟಗೊಡದ ಜಾನಬಿ. ಎಲ್ಲರ ನಡುವೆ ಗಿಣಿಹಸಿರು ಕೋಟು ತೊಟ್ಟ ಹಾಜಿಮಲಂಗ್ ಸಾಹೇಬರು. ಎಂಟು ಬೆರಳಿಗೆ ಎಂಟು ಉಂಗುರ, ಒಂದೊಂದು ಸುಳ್ಳಿಗೂ ಒಂದೊಂದು ಉಂಗುರದ ಆಣೆ.

ಆ ಇಪ್ಪತ್ನಾಲ್ಕನೆಯ ಸಂಚಿಕೆಯನ್ನು ಸಾಹೇಬರಿಗೆ ಕೊಟ್ಟವರೇ ಅಮೃತಪ್ಪನವರು. ಸೇಡಂ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ಆಗಷ್ಟೇ ನಿವೃತ್ತರಾಗಿದ್ದರು. ಅದನ್ನು ಕೊಟ್ಟು ಸಾಹೇಬರಿಂದ ಮೊದಲ ಇಪ್ಪತ್ತಮೂರು ಸಂಚಿಕೆಗಳನ್ನು ಪಡೆದರು. ಇಪ್ಪತ್ತಮೂರನೆಯದರ ಹಿಂಬದಿಯ ರಟ್ಟಿನ ಮೇಲೆ ‘ಮುಂದಿನ ಸಂಚಿಕೆಗೆ ಮುಕ್ತಾಯ’ ಎಂದಿತ್ತು. ಆ ಮುಂದಿನದನ್ನು ಅದುವರೆಗೆ ಕಂಡವರಿರಲಿಲ್ಲ. ಮೇಳವೆಲ್ಲ ನೆರೆದು ನೋಡಿತು. ಮೂರು ಕಾಲು ಅಚ್ಚಿನ ತಪ್ಪು, ಅದಕ್ಕೇ ಇದು ಇನ್ನೂ ಅಪರೂಪ ಎಂದು ಪಂಡಿತರು ತೀರ್ಪಿತ್ತರು. ಆ ಚರ್ಚೆ ಎದ್ದಾಗಲೆಲ್ಲ ಅಮೃತಪ್ಪನವರು ಚಹಾ ಕುಡಿಯಲು ಹೊರಗೆ ಹೋಗುತ್ತಿದ್ದರು.

ಕೊಟ್ಟ ದಿನವೇ, ಗಾಡಿ ಸೇಡಂ ಮುಟ್ಟುವ ಮೊದಲೇ, ಅವರ ಮನಸ್ಸು ಕದಡಿತ್ತು. ಅಂದಿನಿಂದ ಹನ್ನೊಂದು ವರ್ಷ ಅದನ್ನು ಮರಳಿ ಕೇಳಿದ್ದರು. ಅದಕ್ಕಾಗಿ ಏನೇನೋ ತಂದು ಸುರಿದಿದ್ದರು. ಸಾಹೇಬರದು ಒಂದೇ ಉತ್ತರ: “ಒಯ್ದದ್ದು ತರ್ರಿ ಮಾಸ್ತರ, ಕೊಟ್ಟದ್ದು ಒಯ್ಯಿರಿ.” ಅದೊಂದೇ ಆಗದ ಮಾತು. ಆ ಇಪ್ಪತ್ತಮೂರು ಅವರ ಪ್ರಾಣ. ಪ್ರತಿ ಮೇಳಕ್ಕೂ ಹೊತ್ತು ತಂದು, ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಯಾರಿಗೂ ಕೊಡದೆ ಮರಳಿ ಒಯ್ಯುತ್ತಿದ್ದರು. ಸಾಹೇಬರೂ ಆ ಒಂದನ್ನು ಮತ್ತಾರಿಗೂ ಕೊಟ್ಟಿರಲಿಲ್ಲ.

ಇವತ್ತು ಮಾತ್ರ ಸಾಹೇಬರು ದಾರದಿಂದ ಅದನ್ನು ಬಿಚ್ಚಿ ಪದ್ಮಜಾಳ ಕೈಗಿತ್ತರು.

“ಭಾಳ ದಪ್ಪ ಅದಲ್ರಿ!” ಎಂದಳು ಅವಳು ತೂಗಿ ನೋಡಿ. “ಉಳಿದವು ಇಷ್ಟು ದಪ್ಪ ಇಲ್ಲ.”

“ಕೊನೇ ಸಂಚಿಕಿ ದಪ್ಪೇ ಇರ್ತದವ್ವಾ,” ಎಂದರು ಅಮೃತಪ್ಪನವರು ಅವಸರದಿಂದ. “ಯುದ್ಧ ಇರ್ತದ, ಮದುವಿ ಇರ್ತದ. ಕೊಡು ಇಲ್ಲಿ, ಸೀಲ್ ಒಡೀಬ್ಯಾಡ. ಅದು... ಅದು ಪಾಪ.”

“ಓದಿದರ ಪಾಪೇನ್ರಿ ಸರ್?”

“ಏನ್ ಹೇಳ್ತೀರಿ ಮಾಸ್ತರ?” ಸಾಹೇಬರು ಗಡ್ಡ ನೀವಿಕೊಂಡರು. “ಹರೀಲೇನು ಹುಡುಗಿ? ಮುಕ್ತಾಯ ಏನಾತು ಅಂತ ಎಲ್ಲಾರೂ ಕೇಳೋಣು. ಜಾನಬಿ, ಬಾ ಇಲ್ಲಿ. ಏ ಸಾಯಿಕುಮಾರ, ನರಳಾಕ ರೆಡಿ ಆಗು!”

ಜನ ಸೇರಿದರು. ಪದ್ಮಜಾಳ ಉಗುರು ಸೀಲಿನ ಅಂಚನ್ನು ಹುಡುಕಿತು.

“ನಿಲ್ಲು!”

ಅಮೃತಪ್ಪನವರು ತಮ್ಮ ಮೇಜಿನತ್ತ ಓಡಿದರು. ಇಪ್ಪತ್ತಮೂರೂ ಸಂಚಿಕೆಗಳನ್ನು ಎರಡೂ ತೋಳಲ್ಲಿ ಬಾಚಿ ತಂದು ಸಾಹೇಬರ ಮುಂದೆ ಇಟ್ಟರು. ಮೇಲಿನದನ್ನು ಒಮ್ಮೆ ಸವರಿ, ಕೈ ಹಿಂತೆಗೆದರು. “ಒಯ್ದದ್ದು ತಂದೀನಿ.”

“ಶಾಬಾಸ್!” ಸಾಹೇಬರು ಪದ್ಮಜಾಳ ಕೈಯಿಂದ ಇಪ್ಪತ್ನಾಲ್ಕನೆಯದನ್ನು ಮೆಲ್ಲಗೆ ಬಿಡಿಸಿಕೊಂಡು ಅವರಿಗೆ ಕೊಟ್ಟರು. “ಬೇಟಿ, ನಿನ್ನ ಪೆಟ್ಟಿಗಿ ನನಗ, ಈ ಇಪ್ಪತ್ತಮೂರು ನಿನಗ. ಮೊದಲಿನಿಂದ ಓದು.”

“ಮುಕ್ತಾಯ?”

“ನಿನ್ನ ಮಾಮಾಗೂ ಗೊತ್ತಿರಲಿಲ್ಲ ಬೇಟಿ. ನೀನೇ ಒಂದು ಮಾಡಿಕೋ.”

ಅವಳು ಅಲ್ಲೇ ನೆಲದ ಮೇಲೆ ಕುಳಿತು ಮೊದಲನೆಯ ಸಂಚಿಕೆಯ ಕವರು ಹರಿದಳು. ಭವನದಲ್ಲಿ ನಿಟ್ಟುಸಿರೆದ್ದಿತು, ಆಮೇಲೆ ಒಬ್ಬೊಬ್ಬರಾಗಿ ಅವಳ ಹೆಗಲ ಮೇಲಿಂದ ಬಗ್ಗಿ ಓದತೊಡಗಿದರು.

ಅಮೃತಪ್ಪನವರು ನೀಲಿ ಕುದುರೆಯನ್ನು ಎದೆಗವಚಿಕೊಂಡು ಹೊರಟರು. ಹನ್ನೊಂದು ವರ್ಷಗಳ ಮೇಲೆ ಉಸಿರು ಸರಾಗವಾಗಿ ಆಡುತ್ತಿತ್ತು. ಹೊಸ್ತಿಲ ಬಳಿ ತಿರುಗಿ, ಹೋಗುವವರು ಏನಾದರೂ ಹೇಳಬೇಕಲ್ಲ ಎಂದು ಕೇಳಿದರು: “ಸಾಹೇಬ್ರ, ಈಗ ಸೇಡಂ ಗಾಡಿ ಎಷ್ಟಕ್ಕದ?”

“ಸ್ಟೇಷನ್ದಾಗ ಕೇಳ್ರಿ ಮಾಸ್ತರ, ನೀವೇ ಚಿತ್ರ ಬರೆದ ಆ ಕುದುರಿ ಒಳಗ ಇಟ್ಟೀರಲ್ಲ, ಆ ರೈಲ್ವೆ ಟೈಂಟೇಬಲ್ ಭಾಳ ಹಳೇದದ, ಮೊದಲನೇ ವರ್ಷನೇ ಬಿಚ್ಚಿ ನೋಡಿ ನಾನೇ ಮತ್ತ ಸೀಲ್ ಮಾಡೀನಿ,” ಎಂದು ಬೀಳ್ಕೊಡಲು ಬಂದ ಸಾಹೇಬರು ಕಿವಿಯ ಬಳಿ ಪಿಸುಗುಟ್ಟುವುದಕ್ಕೂ, ಅಮೃತಪ್ಪನವರನ್ನು ಮೆಲ್ಲಗೆ ಹೊರಗೆ ದಾಟಿಸಿ ಅವರ ಬೆನ್ನ ಹಿಂದೆ ಬಾಗಿಲು ಮುಚ್ಚುವುದಕ್ಕೂ ಸರಿಹೋಯಿತು.