ಹುಣಸೆಮರದ ಕೆಳಗಿನ ಚೌಕ

ಮಗಳ ಶಾಲೆಗೆಂದು ತಂದ ಚಾರ್ಟ್ ಪೇಪರಿನ ಸುರುಳಿ ಬಿಚ್ಚಿದಾಗ ಬರುವ ವಾಸನೆಗೆ ಇವತ್ತೂ ನನ್ನ ಕೈ ತಡೆದು ನಿಲ್ಲುತ್ತದೆ.

ಶಾಲೆಯ ದಿನಗಳಲ್ಲಿ ಒಮ್ಮೆ, ಹೊರಮಾವಿನ ನಮ್ಮ ಮನೆಯ ನಡುಮನೆಯಲ್ಲಿ ಅಂಥದೇ ಹಾಳೆ ಹರಡಿಕೊಂಡು ನಾನು ‘ನಮ್ಮೂರ ಸಂಸ್ಕೃತಿ’ಯ ಪೋಸ್ಟರ್ ಮಾಡುತ್ತಿದ್ದೆ. ಅಜ್ಜಿ ಪಕ್ಕದಲ್ಲಿ ಕೂತು ಹೇಳಿದಂತೆ ಕೆರೆ, ಕಣ, ನಮ್ಮ ರಾಗಿ ಹೊಲ ಬಿಡಿಸಿದೆ. ಹೊಲದ ಹುಣಸೆಮರದ ಕೆಳಗೆ ಅವಳು ಒಂದು ಚೌಕ ಹಾಕಿಸಿದಳು.

“ಇಲ್ಲಿ ನಿಮ್ಮ ತಾತನ್ನ ಮಣ್ಣು ಮಾಡಿರೋದು. ವರ್ಷಾವರ್ಷ ಎಡೆ ಇಡೋದೂ ಇಲ್ಲೇ. ಅದನ್ನೂ ಬರಿ.”

ಅಪ್ಪ ಬಗ್ಗಿ ನೋಡಿದ. “ಅಳಿಸು ಅದನ್ನ. ಸಮಾಧಿ ಐತೆ ಅಂದ್ರೆ ಹೊಲ ಯಾರೂ ತಗೊಳ್ಳಲ್ಲ. ಕೊಳ್ಳೋರು ಇನ್ನೇನು ಬಂದ್ಬಿಡ್ತಾರೆ.”

“ಸಮಾಧಿ ಕಲ್ಲು ನೀನೇ ಕೀಳಿಸ್ದೆ. ಈಗ ನಿಮ್ಮಪ್ಪನ್ನ ರಬ್ಬರಲ್ಲೂ ಉಜ್ಜಿಸ್ತೀಯೇನೋ?” ಎಂದಳು ಅಜ್ಜಿ.

ನಾನು ರಬ್ಬರ್ ಹಿಡಿದೇ ಕೂತೆ. ಬಾಗಿಲಲ್ಲಿ ಕಾರು ನಿಂತಿತು. ಹೊಲ ಕೊಳ್ಳಲು ಬಂದವರು ಕಾಫಿ ಲೋಟ ಹಿಡಿದುಕೊಂಡೇ ನನ್ನ ಹಾಳೆಯ ಮೇಲೆ ಬಗ್ಗಿದರು.

“ಚೆನ್ನಾಗಿದೆ ಪುಟ್ಟಾ. ಮರದ ಕೆಳಗೆ ಇದೇನು?”

ನಾನು ಅಪ್ಪನ ಕಡೆ ನೋಡಿದೆ. ಅವನ ಕೈಯಲ್ಲಿದ್ದ ತಟ್ಟೆಯ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಅಜ್ಜಿ ಆ ಕೈಯನ್ನೇ ಸ್ವಲ್ಪ ಹೊತ್ತು ನೋಡಿದಳು.

“ಅಲ್ಲಿ ಬಾವಿ ಇತ್ತು ಸ್ವಾಮಿ,” ಎಂದಳು. “ಮುಚ್ಚಿಸಿದೀವಿ.”

ಆಮೇಲೆ ನನ್ನ ಬಣ್ಣದ ಡಬ್ಬಿಯಿಂದ ನೀಲಿ ಕಡ್ಡಿ ಹುಡುಕಿ ತೆಗೆದು ನನ್ನ ಬೆರಳುಗಳ ನಡುವೆ ಇಟ್ಟಳು.

“ಅಂಚು ಬಿಡ್ದಂಗೆ ನೀರು ತುಂಬು ಮಗಾ.”